ಹೂರಣ ತುಂಬಿದ ಬ್ರೆಡ್‌ಸ್ಟಿಕ್: ಸಮಾರಂಭದ ಆರ್ಡರುಗಳಿಗೆ ಸಣ್ಣ ಬೇಕರಿಯ ಸಿದ್ಧತೆ

ಬೇಕರಿ ಉದ್ಯಮದಲ್ಲಿರುವ ನಮ್ಮ ಸದಸ್ಯರು ಒಬ್ಬರನ್ನೊಬ್ಬರು ಭೇಟಿಯಾದಾಗ ಮೊದಲು ಬರುವ ಮಾತು ಬ್ರೆಡ್ಡಿನದೇ. ದೊಡ್ಡ ಕಾರ್ಖಾನೆಗಳಲ್ಲಿ ತಯಾರಾಗಿ, ಹೋಳು ಮಾಡಿ, ಕವರಿನಲ್ಲಿ ಕಟ್ಟಿದ ಬ್ರೆಡ್ಡು ಬೆಳಗಿನ ಜಾವದಲ್ಲಿಯೇ ವ್ಯಾನುಗಳಲ್ಲಿ ಬಂದು ದಿನಸಿ ಅಂಗಡಿಗಳ ಮುಂದೆ ಇಳಿಯುತ್ತದೆ. ಆ ದರಕ್ಕೆ ನಮ್ಮ ಭಟ್ಟಿಯ ಬ್ರೆಡ್ಡನ್ನು ಕೊಡುವುದು ಸಾಧ್ಯವಾಗುತ್ತಿಲ್ಲ. ಆದರೆ ಅದೇ ಕಾರ್ಖಾನೆಗಳಿಗೆ ಮಾಡಲಾಗದ ಕೆಲಸವೂ ಒಂದಿದೆ. ಸಂಜೆ 6 ಗಂಟೆಯ ನಾಮಕರಣಕ್ಕೋ, ಕಚೇರಿಯ ಬೀಳ್ಕೊಡುಗೆಗೋ, ವಸತಿ ಸಮುಚ್ಚಯದ ಗಣೇಶೋತ್ಸವಕ್ಕೋ 5 ಗಂಟೆಗೆ ಭಟ್ಟಿಯಿಂದ ತೆಗೆದ 200 ಖಾರದ ತಿನಿಸುಗಳನ್ನು ಬೆಚ್ಚಗೆ ತಲುಪಿಸುವ ಕೆಲಸ ಅದು. ಪಫ್ಫು, ಖಾರಾ ಬನ್ನು, ಪಲ್ಯದ ಬನ್ನುಗಳ ಜೊತೆಯಲ್ಲಿ ಈಚಿನ ವರ್ಷಗಳಲ್ಲಿ ಈ ಆರ್ಡರುಗಳಲ್ಲಿ ಹೂರಣ ತುಂಬಿದ ಬ್ರೆಡ್‌ಸ್ಟಿಕ್ಕಿಗೂ ಬೇಡಿಕೆ ಬಂದಿದೆ. ಈ ತಿನಿಸನ್ನು ಲಾಭಕರವಾಗಿ ತಯಾರಿಸುವ ಬಗೆಯನ್ನು ಕುರಿತು, ನಮ್ಮ ಸ್ವಂತ ಬೇಕರಿಯ ಅನುಭವದ ಆಧಾರದ ಮೇಲೆ, ಕೆಲವು ವಿಚಾರಗಳನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಮೊದಲೇ ಹೇಳಿಬಿಡುವುದು ಒಳ್ಳೆಯದು: ಇದು ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟು ಎರಡು ದಿನ ಮಾರುವ ಸರಕಲ್ಲ. ಹಾಗೆ ಮಾರಲು ಹೊರಟವರು ಕೈ ಸುಟ್ಟುಕೊಂಡಿದ್ದಾರೆ. ನಾವೂ ಅವರಲ್ಲಿ ಸೇರಿದ್ದೇವೆ. ಎಣಿಕೆಯ ಮೇಲೆ, ಮುಂಗಡ ಹಣ ಪಡೆದು, ಹೇಳಿದ ಹೊತ್ತಿಗೆ ತಲುಪಿಸುವ ಸರಕೆಂದು ಇದನ್ನು ಭಾವಿಸಿದಲ್ಲಿ ಮಾತ್ರ ಲೆಕ್ಕ ಸರಿಹೋಗುತ್ತದೆ.

ಈ ಕಡ್ಡಿ ನಮ್ಮಲ್ಲಿಗೆ ಬಂದ ದಾರಿ

ಬ್ರೆಡ್ ಕಡ್ಡಿಯ ಮೂಲ ಉತ್ತರ ಇಟಲಿಯ ಟ್ಯೂರಿನ್ ನಗರ. ಅಲ್ಲಿ ಅದನ್ನು ಗ್ರಿಸ್ಸೀನಿ ಎನ್ನುತ್ತಾರೆ. 17ನೆಯ ಶತಮಾನದಲ್ಲಿ ಸವೋಯ್ ರಾಜಮನೆತನದ ಅಸ್ವಸ್ಥ ಬಾಲಕನೊಬ್ಬನಿಗೆ ಸುಲಭವಾಗಿ ಜೀರ್ಣವಾಗಲೆಂದು ಆಸ್ಥಾನದ ರೊಟ್ಟಿಗಾರ ಅದನ್ನು ಮಾಡಿದನೆಂಬ ಕಥೆ ಅಲ್ಲಿ ಪ್ರಚಲಿತವಾಗಿದೆ. ಅದು ಒಣ ಕಡ್ಡಿ. ಮುರಿದರೆ ಟಕ್ಕೆನ್ನುತ್ತದೆ, ಒಳಗೆ ಹೂರಣವಿಲ್ಲ. ನಮ್ಮ ಹೋಟೆಲುಗಳಲ್ಲಿ ಸೂಪಿನ ಜೊತೆ ಕೊಡುವ ಕಡ್ಡಿ ಇದೇ ವಂಶದ್ದು. ಮೆತ್ತಗಿನ, ಬೆಣ್ಣೆ ಬೆಳ್ಳುಳ್ಳಿ ಸವರಿದ ಬ್ರೆಡ್‌ಸ್ಟಿಕ್ ಅಮೆರಿಕದ ಇಟಾಲಿಯನ್ ಉಪಾಹಾರ ಗೃಹಗಳಲ್ಲಿ ರೂಢಿಗೆ ಬಂದು, ಅಲ್ಲಿಂದ ಪಿಜ್ಜಾ ಅಂಗಡಿಗಳ ಪಟ್ಟಿಯನ್ನು ಸೇರಿತು. 1996ರಲ್ಲಿ ಡಾಮಿನೋಸ್ ದೆಹಲಿಯಲ್ಲಿಯೂ ಪಿಜ್ಜಾ ಹಟ್ ನಮ್ಮ ಬೆಂಗಳೂರಿನಲ್ಲಿಯೂ ತಮ್ಮ ಮೊದಲ ಭಾರತೀಯ ಮಳಿಗೆಗಳನ್ನು ತೆರೆದವು. ಆ ಮಳಿಗೆಗಳಲ್ಲಿ ಬೆಳ್ಳುಳ್ಳಿ ಬ್ರೆಡ್ಡು ತಿಂದು ಬೆಳೆದ ಮಕ್ಕಳು ಈಗ ತಾವೇ ಮನೆಯ ಸಮಾರಂಭಗಳಿಗೆ ಆರ್ಡರು ಕೊಡುವ ವಯಸ್ಸಿಗೆ ಬಂದಿದ್ದಾರೆ. ಬೇಡಿಕೆಯ ಗುಟ್ಟು ಇಷ್ಟೇ.

ಇನ್ನು ಇದನ್ನು ಮಾಡುವ ಕೈಚಳಕ ನಮಗೆ ಹೊಸದೇನೂ ಅಲ್ಲ. ಹಾಸನ ಸೀಮೆಯಿಂದ ಬಂದ ಅಯ್ಯಂಗಾರರು 19ನೆಯ ಶತಮಾನದ ಕೊನೆಯಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದ ಕಾಲದಿಂದ ಇಂದಿನವರೆಗೆ, ಹುಳಿ ಬಂದ ಮೈದಾ ಹಿಟ್ಟಿಗೆ ನಮ್ಮ ಹಸಿಮೆಣಸಿನಕಾಯಿ, ಶುಂಠಿ, ಕರಿಬೇವು, ಸಬ್ಬಸಿಗೆ ಸೊಪ್ಪುಗಳನ್ನು ಹೊಂದಿಸುವ ವಿದ್ಯೆ ಇಲ್ಲಿ ಬೆಳೆದುಬಂದಿದೆ. ಖಾರಾ ಬನ್ನು ಮಾಡಬಲ್ಲವನು ಬ್ರೆಡ್‌ಸ್ಟಿಕ್ ಮಾಡಲಾರೆನೆಂದು ಹಿಂಜರಿಯಬೇಕಾಗಿಲ್ಲ.

ಕಣಕದ ಹದ

ನಾವು ಅನುಸರಿಸುತ್ತಿರುವ ಪ್ರಮಾಣ ಹೀಗಿದೆ. ಮೈದಾ 10 ಕಿಲೋ, ನೀರು ಸುಮಾರು ಐದೂವರೆ ಲೀಟರು, ಎಣ್ಣೆ ಅಥವಾ ಬೆಣ್ಣೆ 500 ಗ್ರಾಂ, ಸಕ್ಕರೆ 300 ಗ್ರಾಂ, ಹಾಲಿನ ಪುಡಿ 200 ಗ್ರಾಂ, ಉಪ್ಪು 160 ಗ್ರಾಂ, ಒಣ ಇನ್‌ಸ್ಟಂಟ್ ಈಸ್ಟು 100 ಗ್ರಾಂ. ಇದರಿಂದ ಕೈಗೆ, ಮೇಜಿಗೆ ಅಂಟಿ ಹೋಗುವುದನ್ನು ಕಳೆದು 16 ಕಿಲೋಗಿಂತ ಸ್ವಲ್ಪ ಹೆಚ್ಚು ಹಿಟ್ಟು ದೊರೆಯುತ್ತದೆ. ಒಂದಕ್ಕೆ 40 ಗ್ರಾಂ ಹಿಟ್ಟು, 15 ಗ್ರಾಂ ಹೂರಣವೆಂದು ನಿಗದಿ ಮಾಡಿಕೊಂಡರೆ 400 ಕಡ್ಡಿಗಳು, ಅದಕ್ಕೆ 6 ಕಿಲೋ ಹೂರಣ. ಬೆಂದ ಮೇಲೆ ಒಂದು ಕಡ್ಡಿ ಸುಮಾರು 49 ಗ್ರಾಂ ತೂಗುತ್ತದೆ. ಉಪ್ಪನ್ನು ಬ್ರೆಡ್ಡಿಗಿಂತ ತುಸು ಕಡಿಮೆ ಹಾಕಿರುವುದನ್ನು ವಾಚಕರು ಗಮನಿಸಿರಬಹುದು. ಹೂರಣದಲ್ಲಿಯೂ, ಚೀಸಿನಲ್ಲಿಯೂ ಉಪ್ಪಿರುವುದರಿಂದ ಹೀಗೆ ಮಾಡಿದ್ದೇವೆ.

ನೀರಿನ ಪ್ರಮಾಣವನ್ನು ಮೈದಾದ ಗುಣ ನೋಡಿ ಹೆಚ್ಚು ಕಡಿಮೆ ಮಾಡಿಕೊಳ್ಳಬೇಕು. ಪ್ರತಿ ಹೊಸ ಲೋಡು ಬಂದಾಗ ಒಂದು ಕಿಲೋ ಹಿಟ್ಟು ಕಲಸಿ ನೋಡುವುದು ವ್ಯರ್ಥ ಶ್ರಮವಲ್ಲ. ಕಲಸಿದ ಹಿಟ್ಟಿನ ಉಷ್ಣತೆ 26ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕು. ಮೈಸೂರಿನ ಡಿಸೆಂಬರಿನಲ್ಲಿ ಇದಕ್ಕೆ ಉಗುರುಬೆಚ್ಚಗಿನ ನೀರು ಬೇಕು, ಕಲಬುರಗಿಯ ಮೇ ತಿಂಗಳಿನಲ್ಲಿ ಐಸ್ ನೀರು. ಯಂತ್ರದಲ್ಲಿ ನಾದುವಾಗ ಉಜ್ಜುವಿಕೆಯಿಂದಲೇ ಹಿಟ್ಟು ಬಿಸಿಯಾಗುತ್ತದೆಂಬುದನ್ನು ಅನೇಕರು ಮರೆಯುತ್ತಾರೆ. 300 ರೂಪಾಯಿಯೊಳಗೆ ಸಿಗುವ ಒಂದು ಥರ್ಮಾಮೀಟರು ಈ ವಿಷಯದಲ್ಲಿ ಅನುಭವಿ ಮೇಸ್ತ್ರಿಯ ಅಂಗೈಗಿಂತ ನಂಬಿಕಸ್ಥ. ಇದನ್ನು ಹೇಳಿದಾಗ ನಮ್ಮ ಮೇಸ್ತ್ರಿ ಒಂದು ವಾರ ನಮ್ಮೊಡನೆ ಸರಿಯಾಗಿ ಮಾತನಾಡಲಿಲ್ಲವೆಂಬುದನ್ನೂ ಇಲ್ಲಿ ದಾಖಲಿಸಬೇಕು.

ಬೆಳ್ಳುಳ್ಳಿಯನ್ನು ಹಸಿಯಾಗಿ ಹಿಟ್ಟಿಗೆ ಅರೆದು ಹಾಕುವವರಿದ್ದಾರೆ. ಅದು ಹಿಟ್ಟಿನ ಅಂಟನ್ನು ಸಡಿಲಗೊಳಿಸುತ್ತದೆ, ಈಸ್ಟಿನ ಕೆಲಸವನ್ನೂ ನಿಧಾನಿಸುತ್ತದೆ. ಬೆಣ್ಣೆಯಲ್ಲಿ ಬೆಳ್ಳುಳ್ಳಿಯನ್ನು ಕಾಯಿಸಿ, ಕಡ್ಡಿ ಭಟ್ಟಿಯಿಂದ ಹೊರಬಂದೊಡನೆ ಮೇಲೆ ಸವರುವುದು ಲೇಸು, ಪರಿಮಳವೂ ಹೆಚ್ಚು. ಎಣ್ಣೆಯಲ್ಲಿ ಅದ್ದಿದ ಹಸಿ ಬೆಳ್ಳುಳ್ಳಿಯನ್ನು ಹೊರಗೆ ದಿನಗಟ್ಟಲೆ ಇಡುವುದು ಆರೋಗ್ಯಕ್ಕೆ ಅಪಾಯಕಾರಿಯಾದ್ದರಿಂದ ಅಂದಂದಿಗೆ ಬೇಕಾದಷ್ಟನ್ನೇ ಮಾಡಿಕೊಳ್ಳತಕ್ಕದ್ದು.

ಹೂರಣದ ನೀರೇ ಶತ್ರು

ಹೋಳಿಗೆ ಮಾಡುವ ಮನೆಗಳಲ್ಲಿ ಹಿರಿಯ ಹೆಂಗಸರು ಕಣಕ ಮತ್ತು ಹೂರಣಗಳ ಹದ ಒಂದೇ ಇರಬೇಕೆಂದು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಹೂರಣ ಗಟ್ಟಿಯಾದರೆ ಕಣಕ ಹರಿಯುತ್ತದೆ, ಸಡಿಲವಾದರೆ ಹೊರಗೆ ಬರುತ್ತದೆ. ಬ್ರೆಡ್‌ಸ್ಟಿಕ್ಕಿನ ಇಡೀ ಶಾಸ್ತ್ರ ಈ ಒಂದು ಮಾತಿನಲ್ಲಿ ಅಡಗಿದೆ ಎಂದರೆ ಅತಿಶಯೋಕ್ತಿಯಲ್ಲ. ವ್ಯತ್ಯಾಸವೆಂದರೆ ಹೋಳಿಗೆ ಕಾವಲಿಯ ಮೇಲೆ ಎರಡು ಮೂರು ನಿಮಿಷಗಳಲ್ಲಿ ಬೇಯುತ್ತದೆ. ಬ್ರೆಡ್‌ಸ್ಟಿಕ್ ಹೂರಣ ತುಂಬಿದ ಮೇಲೆ 40 ನಿಮಿಷ ಉಬ್ಬಲು ಕಾದು, ಅನಂತರ 15 ನಿಮಿಷ ಭಟ್ಟಿಯಲ್ಲಿರುತ್ತದೆ. ಈ 55 ನಿಮಿಷಗಳಲ್ಲಿ ಹೂರಣದಲ್ಲಿರುವ ನೀರು ಹಿಟ್ಟಿಗೆ ಇಳಿಯುತ್ತದೆ. ಮೇಲೆ ಚೆನ್ನಾಗಿ ಕೆಂಪಗಾಗಿರುವ ಕಡ್ಡಿಯನ್ನು ಮುರಿದಾಗ ಒಳಗೆ ಅಂಟಂಟಾದ ಹಸಿಹಿಟ್ಟಿನ ಪದರ ಕಂಡರೆ ಭಟ್ಟಿಯನ್ನು ದೂರುವ ಮೊದಲು ಹೂರಣವನ್ನು ಪರೀಕ್ಷಿಸಬೇಕು.

ಆಲೂಗಡ್ಡೆ ಪಲ್ಯ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ವಿಶ್ವಾಸಾರ್ಹ. ಆಲೂಗಡ್ಡೆಯನ್ನು ಸಿಪ್ಪೆಯೊಡನೆ ಬೇಯಿಸಿ, ನೀರು ಪೂರ್ತಿ ಬಸಿದು, ಬಿಸಿಯಿರುವಾಗಲೇ ಸಿಪ್ಪೆ ಸುಲಿದು ಹರಡಿದರೆ ಹಬೆಯಾಗಿ ಸಾಕಷ್ಟು ನೀರು ಹೋಗುತ್ತದೆ. ಈರುಳ್ಳಿಯನ್ನು ಹಸಿಯಾಗಿ ಬೆರೆಸಲೇಬಾರದು; ಉಪ್ಪು ತಾಗಿದೊಡನೆ ಅದು ನೀರು ಬಿಡುತ್ತದೆ. ಕೆಂಪಗೆ ಹುರಿದು ಹಾಕಬೇಕು. ಕ್ಯಾರೆಟ್ಟು, ಹುರುಳಿಕಾಯಿಗಳನ್ನು ಸಣ್ಣಗೆ ಹೆಚ್ಚಿ, ಮುಚ್ಚಳ ಮುಚ್ಚದೆ ಬಾಡಿಸಬೇಕು. ಇಷ್ಟಾದ ಮೇಲೂ ಹೂರಣ ಕೈಗೆ ತೇವವೆನಿಸಿದರೆ ಕಿಲೋಗೆ 50 ಗ್ರಾಂ ಹುರಿಗಡಲೆ ಹಿಟ್ಟು ಬೆರೆಸಿದಲ್ಲಿ ಅದು ನೀರನ್ನು ಹಿಡಿದುಕೊಳ್ಳುತ್ತದೆ. ಕಾರ್ನ್ ಫ್ಲೋರಿಗಿಂತ ಇದು ನಮಗೆ ಒಪ್ಪಿಗೆಯಾಗಿದೆ; ರುಚಿಯೂ ನಮ್ಮದೇ.

ಪನೀರನ್ನು ಬಟ್ಟೆಯಲ್ಲಿ ಕಟ್ಟಿ ಭಾರವಿಟ್ಟು ಒಂದು ಗಂಟೆ ಬಿಟ್ಟು, ಬಳಿಕ ತುರಿದು ಬಳಸಬೇಕು. ಚೀಸಿನ ವಿಷಯದಲ್ಲಿ ಒಂದು ಮಾತು. ಪಿಜ್ಜಾ ಅಂಗಡಿಯಲ್ಲಿ ಎಳೆ ಎಳೆಯಾಗಿ ಬರುವ ಮೊಜರೆಲ್ಲಾವನ್ನೇ ಗ್ರಾಹಕರು ಕೇಳುತ್ತಾರೆ. ಆದರೆ ಅದು ಬಿಸಿಯಿರುವಾಗ ಮಾತ್ರ ಸೊಗಸು. ಒಂದು ಗಂಟೆ ಕಳೆದು ತಣ್ಣಗಾದ ಮೇಲೆ ರಬ್ಬರಿನಂತಾಗುತ್ತದೆ. ಸಮಾರಂಭದಲ್ಲಿ ತಿನಿಸು ತಟ್ಟೆಗೆ ಬರುವಷ್ಟರಲ್ಲಿ ಎಷ್ಟು ಹೊತ್ತಾಗುತ್ತದೆಂಬುದು ಎಲ್ಲರಿಗೂ ಗೊತ್ತು. ಭಾಷಣಗಳು ಮುಗಿಯಬೇಕು, ಫೋಟೋಗಳು ತೆಗೆದಾಗಬೇಕು. ಅದಕ್ಕಾಗಿ ಸಂಸ್ಕರಿಸಿದ ಚೀಸನ್ನು ಎರಡು ಪಾಲು, ಮೊಜರೆಲ್ಲಾವನ್ನು ಒಂದು ಪಾಲು ಬೆರೆಸುವುದು ನಮ್ಮ ರೂಢಿ. ಚೀಸಿನ ಪೊಟ್ಟಣದ ಮೇಲೆ ಹಸಿರು ಚಿಹ್ನೆಯಿದೆಯೇ ಎಂಬುದನ್ನು ತಪ್ಪದೆ ನೋಡಬೇಕು. ಹೆಪ್ಪುಗಟ್ಟಿಸಲು ಬಳಸುವ ರೆನೆಟ್ ಪ್ರಾಣಿಮೂಲದ್ದಾಗಿರಬಹುದೆಂದು ಕೇಳುವ ಗ್ರಾಹಕರು ಈಗ ಹೆಚ್ಚಾಗಿದ್ದಾರೆ. ಹಾಗೆಯೇ ಮೇಲ್ಮೈ ಹೊಳಪಿಗೆ ಮೊಟ್ಟೆ ಸವರದೆ ಹಾಲು ಸವರಿದರೆ ಒಂದೇ ಸರಕು ಎಲ್ಲ ಮನೆಗಳಿಗೂ ಸಲ್ಲುತ್ತದೆ. ಜೈನ ಕುಟುಂಬಗಳ ಆರ್ಡರಿಗೆ ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ ಮೂರೂ ಇಲ್ಲದ ಪನೀರು, ದಪ್ಪಮೆಣಸಿನಕಾಯಿಯ ಹೂರಣವೊಂದನ್ನು ರೂಢಿಸಿಕೊಂಡಿರುವುದು ಲಾಭದಾಯಕ.

ಹೂರಣದ ಉಷ್ಣತೆಯಲ್ಲಿ ಒಂದು ಇಕ್ಕಟ್ಟಿದೆ. ಆಹಾರ ಸುರಕ್ಷತೆಯ ದೃಷ್ಟಿಯಿಂದ ಬೇಯಿಸಿದ ಪಲ್ಯವನ್ನು 5 ಡಿಗ್ರಿಗಿಂತ ಕೆಳಗೆ ಅಥವಾ 60 ಡಿಗ್ರಿಗಿಂತ ಮೇಲೆ ಇಡಬೇಕು. ಆದರೆ ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಹೂರಣವನ್ನು ನೇರವಾಗಿ ತುಂಬಿದರೆ ಅದರ ಸುತ್ತಲಿನ ಹಿಟ್ಟು ಉಬ್ಬುವುದೇ ಇಲ್ಲ; ಬಿಸಿ ಹೂರಣ ತುಂಬಿದರೆ ಹಿಟ್ಟು ಅಲ್ಲಿಯೇ ಮೆತ್ತಗಾಗಿ ಹರಿಯುತ್ತದೆ. ನಾವು ಕಂಡುಕೊಂಡ ಉಪಾಯವೆಂದರೆ ಒಂದು ಸಲಕ್ಕೆ ಒಂದೂವರೆ ಕಿಲೋ ಹೂರಣವನ್ನು ಮಾತ್ರ ಹೊರತೆಗೆದು, ಅಗಲವಾದ ಟ್ರೇಯಲ್ಲಿ ತೆಳ್ಳಗೆ ಹರಡಿ, 20 ನಿಮಿಷದ ನಂತರ ಬಳಸುವುದು. ಅದು ಮುಗಿಯುವ ಹೊತ್ತಿಗೆ ಮುಂದಿನದು ಸಿದ್ಧವಾಗಿರುತ್ತದೆ.

ಕಟ್ಟುವ ಕೆಲಸ ಮತ್ತು ಸಮಯದ ಲೆಕ್ಕ

ಹಿಟ್ಟನ್ನು 4 ಮಿಲಿಮೀಟರಿನಷ್ಟು ದಪ್ಪಕ್ಕೆ ಲಟ್ಟಿಸಿ, ಗೇಣುದ್ದದ ಪಟ್ಟಿಗಳಾಗಿ ಕತ್ತರಿಸಿ, ನಡುವೆ ಹೂರಣವನ್ನು ಬೆರಳಿನಷ್ಟು ಸಾಲಾಗಿ ಇಟ್ಟು, ಅಂಚುಗಳನ್ನು ಕೂಡಿಸಿ ಚಿವುಟಿ, ಕೂಡಿಸಿದ ಭಾಗ ಕೆಳಗೆ ಬರುವಂತೆ ಟ್ರೇಯಲ್ಲಿಡುವುದು ಕ್ರಮ. ಅಂಚಿಗೆ ಎಣ್ಣೆಯಾಗಲಿ ಬೆಣ್ಣೆಯಾಗಲಿ ತಾಗಿದರೆ ಅದು ಎಂದಿಗೂ ಅಂಟುವುದಿಲ್ಲ, ಭಟ್ಟಿಯಲ್ಲಿ ಬಾಯಿ ಬಿಡುತ್ತದೆ. ಆದಕಾರಣ ಹೂರಣ ಇಡುವವನೇ ಅಂಚು ಚಿವುಟಬಾರದು; ಇಬ್ಬರು ಬೇಕು. ಮೇಲ್ಭಾಗದಲ್ಲಿ ಚಾಕುವಿನಿಂದ ಎರಡು ಮೂರು ಸಣ್ಣ ಗೀರು ಹಾಕಿದರೆ ಹಬೆಗೆ ದಾರಿಯಾಗುತ್ತದೆ, ನೋಟಕ್ಕೂ ಚೆಂದ.

ನಿಜವಾದ ತೊಡಕಿರುವುದು ಇಲ್ಲಿಯೇ. ನಮ್ಮ ಅನುಭವದಲ್ಲಿ ಪಳಗಿದ ಒಬ್ಬ ಕೆಲಸಗಾರನ ಲೆಕ್ಕಕ್ಕೆ ಗಂಟೆಗೆ 120 ಕಡ್ಡಿಗಳು ಬರುತ್ತವೆ. ಇಬ್ಬರು ಕುಳಿತರೂ 400 ಕಟ್ಟಲು ಒಂದು ಗಂಟೆ 40 ನಿಮಿಷ ಬೇಕು. ಈಸ್ಟು ಅಷ್ಟು ಹೊತ್ತು ಸುಮ್ಮನಿರುವುದಿಲ್ಲ. ಮೊದಲು ಕಟ್ಟಿದ ಕಡ್ಡಿಗಳು ಉಬ್ಬಿ ಇಳಿಯುವ ಹೊತ್ತಿಗೆ ಕೊನೆಯವು ಇನ್ನೂ ಮೇಜಿನ ಮೇಲಿರುತ್ತವೆ. ಹತ್ತೂ ಕಿಲೋ ಮೈದಾವನ್ನು ಒಮ್ಮೆಗೇ ಕಲಸಿದ ಬೇಕರಿಗಳಲ್ಲಿ ಒಂದೇ ಆರ್ಡರಿನ ಪೆಟ್ಟಿಗೆಯಲ್ಲಿ ಎರಡು ಮೂರು ಬಗೆಯ ಕಡ್ಡಿಗಳು ಕಾಣಿಸುವುದಕ್ಕೆ ಇದೇ ಕಾರಣ. 5 ಕಿಲೋಗಳ ಎರಡು ಕಲಸುಗಳನ್ನು 50 ನಿಮಿಷಗಳ ಅಂತರದಲ್ಲಿ ಹಾಕಿದರೆ ಈ ದೋಷ ತಪ್ಪುತ್ತದೆ. ಭಟ್ಟಿಗೂ ಒಮ್ಮೆಗೇ ಎಲ್ಲ ಟ್ರೇಗಳ ಒತ್ತಡ ಬೀಳುವುದಿಲ್ಲ.

ಬೇಯಿಸಲು 200ರಿಂದ 210 ಡಿಗ್ರಿ ಸೆಲ್ಸಿಯಸ್, 14ರಿಂದ 16 ನಿಮಿಷ. ಸೌದೆ ಭಟ್ಟಿ ಇಟ್ಟುಕೊಂಡಿರುವವರು ಬ್ರೆಡ್ಡು ತೆಗೆದ ಬಳಿಕ ಬನ್ನಿಗೆ ಬಳಸುವ ಕಾವಿನಲ್ಲಿ ಇದನ್ನು ಹಾಕಬಹುದು. ಕೇಕಿನ ಕಾವಿಗೆ ಇಳಿದ ಮೇಲೆ ಹಾಕಿದರೆ ಬಣ್ಣ ಬರುವ ಹೊತ್ತಿಗೆ ಒಣಗಿಹೋಗಿರುತ್ತದೆ.

ನಮ್ಮ ಬೇಕರಿಯ ಒಂದು ಪಾಠ

ಕೆಲವು ವರ್ಷಗಳ ಹಿಂದೆ ನಿವೃತ್ತಿಯ ಬೀಳ್ಕೊಡುಗೆಯೊಂದಕ್ಕೆ 300 ಕಡ್ಡಿಗಳ ಆರ್ಡರು ಬಂದಿತ್ತು. ಸಂಜೆ ಐದೂವರೆಗೆ ಕೊಡಬೇಕಾಗಿತ್ತು. ಹಿಟ್ಟು ಕಲಸುವುದು ತಡವಾಗಿ, ಕೊನೆಯ ಟ್ರೇ ಹೊರಬಂದಾಗ 5 ಗಂಟೆ 10 ನಿಮಿಷ. ಬಿಸಿ ಬಿಸಿಯಾಗಿಯೇ ಕೊಟ್ಟರೆ ಗ್ರಾಹಕರಿಗೆ ಸಂತೋಷವೆಂದು ಬಗೆದು, ಪ್ಲಾಸ್ಟಿಕ್ ಹಾಳೆ ಹಾಸಿದ ಪೆಟ್ಟಿಗೆಗಳಲ್ಲಿ ಮೂರು ಮೂರು ಪದರಗಳಾಗಿ ಒತ್ತಿ ತುಂಬಿ, ಟೇಪು ಸುತ್ತಿ ಕಳುಹಿಸಿದೆವು. ಸಭೆ ಮುಗಿದು ಏಳು ಗಂಟೆಗೆ ಪೆಟ್ಟಿಗೆ ಬಿಚ್ಚಿದಾಗ ಕಡ್ಡಿಗಳು ಬೆವರಿ, ಒಂದಕ್ಕೊಂದು ಅಂಟಿ, ಕೆಳಪದರ ಚಪ್ಪಟೆಯಾಗಿ ಹೋಗಿತ್ತು. ಪಲ್ಯದಲ್ಲಿ ಹುಳಿ ವಾಸನೆಯೂ ಬರುತ್ತಿತ್ತೆಂದು ಒಬ್ಬರು ಹೇಳಿದರು. ಹಣವನ್ನು ಪೂರ್ತಿಯಾಗಿ ಹಿಂದಿರುಗಿಸಿದೆವು. ಅದು ದೊಡ್ಡ ನಷ್ಟವೇನಲ್ಲ. ಆದರೆ ಆ ಕಚೇರಿಯಿಂದ ವರ್ಷಕ್ಕೆ ಏಳೆಂಟು ಆರ್ಡರುಗಳು ಬರುತ್ತಿದ್ದವು. ಮುಂದೆ ಒಂದೂ ಬರಲಿಲ್ಲ. ನಿವೃತ್ತರಾದ ಮಹನೀಯರು ಇಂದಿಗೂ ಬೆಳಗಿನ ವಾಯುವಿಹಾರದಲ್ಲಿ ಎದುರಾದಾಗ ನಗುತ್ತಾರೆ, ನಮಗೆ ಮಾತ್ರ ಮುಖ ಎತ್ತಲಾಗುವುದಿಲ್ಲ.

ಅಂದಿನಿಂದ ಭಟ್ಟಿಯಿಂದ ಹೊರಬಂದ ಕಡ್ಡಿ ತಂತಿ ಜಾಲರಿಯ ಮೇಲೆ ಕನಿಷ್ಠ ಅರ್ಧ ಗಂಟೆ ಆರದೆ ಪೆಟ್ಟಿಗೆ ಸೇರುವುದಿಲ್ಲ. ಪೆಟ್ಟಿಗೆಯ ಪಕ್ಕಗಳಲ್ಲಿ ರಂಧ್ರಗಳಿರುತ್ತವೆ, ಬಟರ್ ಪೇಪರ್ ಹಾಸಿರುತ್ತದೆ, ಎರಡಕ್ಕಿಂತ ಹೆಚ್ಚು ಪದರಗಳಿರುವುದಿಲ್ಲ. ಬೆಚ್ಚಗೆ ಬೇಕೆನ್ನುವವರಿಗೆ ಇನ್ನೊಂದು ಏರ್ಪಾಡಿದೆ: ಕಡ್ಡಿಯನ್ನು ಪೂರ್ತಿ ಬೇಯಿಸಿ, ಆರಿಸಿ ಕೊಟ್ಟು, ಬಡಿಸುವ ಮುಂಚೆ ಅವರ ಓವನ್ನಿನಲ್ಲಿ 180 ಡಿಗ್ರಿಯಲ್ಲಿ ನಾಲ್ಕೈದು ನಿಮಿಷ ಬಿಸಿ ಮಾಡಿಕೊಳ್ಳುವಂತೆ ಚೀಟಿ ಬರೆದು ಅಂಟಿಸುತ್ತೇವೆ. ಮೈಕ್ರೋವೇವಿನಲ್ಲಿ ಬಿಸಿ ಮಾಡಬಾರದೆಂದು ಅದೇ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದಿರುತ್ತದೆ. ಅದರಲ್ಲಿ ಬ್ರೆಡ್ಡು ಮೊದಲು ಮೆತ್ತಗಾಗಿ, ಎರಡೇ ನಿಮಿಷಗಳಲ್ಲಿ ಚರ್ಮದಂತೆ ಜಗಿಯಾಗುತ್ತದೆ. ಭಟ್ಟಿಯಿಂದ ತೆಗೆದ ನಾಲ್ಕು ಗಂಟೆಗಳೊಳಗೆ ತಿನ್ನಬೇಕೆಂಬ ಸೂಚನೆಯನ್ನೂ ಸಮಯ ಸಹಿತ ನಮೂದಿಸುತ್ತೇವೆ.

ಮೂರು ಗ್ರಾಂಗಳ ಬೆಲೆ

ದರ ನಿಗದಿಯಲ್ಲಿ ನಮ್ಮವರು ಮಾಡುವ ಸಾಮಾನ್ಯ ತಪ್ಪೆಂದರೆ ಎಲ್ಲ ಬಗೆಯ ಕಡ್ಡಿಗಳಿಗೂ ಹೆಚ್ಚು ಕಡಿಮೆ ಒಂದೇ ಬೆಲೆ ಇಡುವುದು. ಒಂದು ಕಡ್ಡಿಗೆ ಬೇಕಾಗುವ ಮೈದಾ ಕೇವಲ 25 ಗ್ರಾಂ. ಲೆಕ್ಕದ ಅನುಕೂಲಕ್ಕಾಗಿ ಮೈದಾ ಕಿಲೋಗೆ 40 ರೂಪಾಯಿ ಎಂದು ಹಿಡಿದರೆ ಅದು ಒಂದು ರೂಪಾಯಿ. ಎಣ್ಣೆ, ಸಕ್ಕರೆ, ಹಾಲಿನ ಪುಡಿ, ಈಸ್ಟು ಸೇರಿಸಿದರೆ ಕಣಕದ ವೆಚ್ಚ ಒಂದೂವರೆ ರೂಪಾಯಿ ದಾಟುವುದು ಕಷ್ಟ. ಆಲೂಗಡ್ಡೆ ಪಲ್ಯ ಕಿಲೋಗೆ 60 ರೂಪಾಯಿ ಬೀಳುವುದಾದರೆ 15 ಗ್ರಾಂಗೆ 90 ಪೈಸೆ. ಅದೇ ಪನೀರು ಕಿಲೋಗೆ 400 ರೂಪಾಯಿಯಾದರೆ 15 ಗ್ರಾಂಗೆ 6 ರೂಪಾಯಿ, ಅಂದರೆ ಕಣಕದ ನಾಲ್ಕು ಪಟ್ಟು. ಪನೀರಿನ ಕಡ್ಡಿಯನ್ನು ಮಾರುವವನು ವಾಸ್ತವವಾಗಿ ಪನೀರನ್ನೇ ಮಾರುತ್ತಿದ್ದಾನೆ. ಮೈದಾ ಅದರ ಹೊದಿಕೆ ಅಷ್ಟೆ.

ಈಗ ಹೂರಣ ಇಡುವ ಕೈ ಸ್ವಲ್ಪ ಧಾರಾಳವಾಗಿ 15ರ ಬದಲು 18 ಗ್ರಾಂ ಇಟ್ಟಿತೆನ್ನೋಣ. ಕಣ್ಣಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. 400 ಕಡ್ಡಿಗಳಿಗೆ ಅದು 1 ಕಿಲೋ 200 ಗ್ರಾಂ ಪನೀರು, 480 ರೂಪಾಯಿ. ಸಣ್ಣ ಬೇಕರಿಯಲ್ಲಿ ಇಂತಹ ಆರ್ಡರಿನ ಲಾಭಾಂಶದ ದೊಡ್ಡ ಪಾಲು ಈ ಮೂರು ಗ್ರಾಂಗಳಲ್ಲಿಯೇ ಕರಗಿಹೋಗುತ್ತದೆ. ಅಳತೆಯ ಚಮಚವೊಂದನ್ನು ನಿಗದಿಪಡಿಸಿ, ಹತ್ತಕ್ಕೊಂದರಂತೆ ತಕ್ಕಡಿಯಲ್ಲಿಟ್ಟು ನೋಡುವ ಪರಿಪಾಠ ಅಗತ್ಯ. ಕೂಲಿ, ಇಂಧನ, ಪೆಟ್ಟಿಗೆ, ಸಾಗಣೆಗಳಲ್ಲದೆ ಬಾಯಿ ಬಿಟ್ಟು ಕೆಟ್ಟುಹೋಗುವ ಕಡ್ಡಿಗಳನ್ನೂ ವೆಚ್ಚಕ್ಕೆ ಸೇರಿಸಿಕೊಳ್ಳಬೇಕು. ಇವುಗಳನ್ನು ಕಡಿಮೆ ಬೆಲೆಗೆ ಅಂಗಡಿಯಲ್ಲಿಯೇ ಅಂದಿನ ಸಂಜೆ ಮಾರಿಬಿಡುವುದು ಉತ್ತಮ; ಆರ್ಡರಿನ ಪೆಟ್ಟಿಗೆಯೊಳಗೆ ಬಚ್ಚಿಟ್ಟು ಕಳುಹಿಸುವುದು ಬೇಡ.

ತೆರಿಗೆಯ ವಿಚಾರ

2024ರ ಸೆಪ್ಟೆಂಬರಿನಲ್ಲಿ ಕೊಯಮತ್ತೂರಿನ ಸಭೆಯೊಂದರಲ್ಲಿ ಅಲ್ಲಿನ ಹೋಟೆಲ್ ಉದ್ಯಮಿಯೊಬ್ಬರು ಕೇಂದ್ರ ಹಣಕಾಸು ಸಚಿವರ ಮುಂದೆ, ಬನ್ನಿಗೆ ಜಿಎಸ್‌ಟಿ ಇಲ್ಲ, ಅದರೊಳಗೆ ಕ್ರೀಮು ಇಟ್ಟರೆ ಮಾತ್ರ ಶೇಕಡಾ 18 ತೆರಿಗೆಯೆಂದು ನಗೆಯಾಡುತ್ತಲೇ ತೋಡಿಕೊಂಡದ್ದು ದೇಶದಾದ್ಯಂತ ಸುದ್ದಿಯಾಯಿತು. ನಮ್ಮ ಬ್ರೆಡ್‌ಸ್ಟಿಕ್ಕಿನ ಸ್ಥಿತಿಯೂ ಅದೇ ಆಗಿತ್ತು. ಬ್ರೆಡ್ಡಿಗೆ 2017ರಿಂದಲೂ ತೆರಿಗೆ ಇಲ್ಲ. ಕೇಕು, ಬಿಸ್ಕತ್ತು ಮತ್ತಿತರ ಬೇಕರಿ ಪದಾರ್ಥಗಳಿಗೆ ಶೇಕಡಾ 18 ಇತ್ತು. 2025ರ ಸೆಪ್ಟೆಂಬರ್ 22ರಿಂದ ಈ ಎರಡನೆಯ ಗುಂಪಿನ ದರ ಶೇಕಡಾ 5ಕ್ಕೆ ಇಳಿಯಿತು. ಅಂದೇ ಬೆಣ್ಣೆ ಮತ್ತು ಚೀಸಿನ ದರವೂ ಶೇಕಡಾ 12ರಿಂದ 5ಕ್ಕೆ ಇಳಿದು, ಪೊಟ್ಟಣ ಕಟ್ಟಿದ ಪನೀರು ತೆರಿಗೆಯಿಂದ ಮುಕ್ತವಾಯಿತು. ಹೂರಣ ತುಂಬಿದ ಕಡ್ಡಿ ಬರೀ ಬ್ರೆಡ್ಡು ಎನಿಸಿಕೊಳ್ಳಲಾರದಾದ್ದರಿಂದ ಅದನ್ನು ಇತರ ಬೇಕರಿ ಪದಾರ್ಥಗಳ ಗುಂಪಿನಲ್ಲಿಟ್ಟು ಶೇಕಡಾ 5 ವಿಧಿಸುವುದೇ ಸುರಕ್ಷಿತವೆಂಬುದು ನಮ್ಮ ಅಭಿಪ್ರಾಯ; ಸದಸ್ಯರು ತಂತಮ್ಮ ತೆರಿಗೆ ಸಲಹೆಗಾರರೊಡನೆ ಸಮಾಲೋಚಿಸತಕ್ಕದ್ದು.

ಇದರಲ್ಲಿ ಸಣ್ಣ ಬೇಕರಿಯವರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ತೆರಿಗೆ ವಿನಾಯಿತಿಯಿರುವ ಸರಕುಗಳನ್ನು ಮಾತ್ರ ಮಾರುವವನು ನೋಂದಣಿ ಮಾಡಿಸಬೇಕಾಗಿಲ್ಲ. ತೆರಿಗೆಗೆ ಒಳಪಡುವ ಒಂದೇ ಒಂದು ಪದಾರ್ಥ ಸೇರಿದೊಡನೆ, ನಮ್ಮ ರಾಜ್ಯದಲ್ಲಿ ಸರಕು ಮಾರಾಟಕ್ಕಿರುವ 40 ಲಕ್ಷ ರೂಪಾಯಿಗಳ ಮಿತಿಯನ್ನು ಲೆಕ್ಕ ಹಾಕುವಾಗ ಬ್ರೆಡ್ಡಿನ ವಹಿವಾಟೂ ಅದರಲ್ಲಿ ಸೇರುತ್ತದೆ. 2025ರ ಜುಲೈನಲ್ಲಿ ಯುಪಿಐ ಜಮೆಗಳ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದಾಗ ಬೇಕರಿ ಮತ್ತು ಕಾಂಡಿಮೆಂಟ್ಸ್ ಅಂಗಡಿಗಳವರು ಪಟ್ಟ ಪಾಡು ಇನ್ನೂ ನೆನಪಿನಿಂದ ಮಾಸಿಲ್ಲ. ಆಗ ಬ್ರೆಡ್ಡು, ಹಾಲುಗಳ ಮಾರಾಟವೆಷ್ಟು, ಉಳಿದದ್ದೆಷ್ಟು ಎಂದು ಬಿಡಿಸಿ ತೋರಿಸಬಲ್ಲ ಪುಸ್ತಕವಿದ್ದವರು ಉತ್ತರ ಕೊಡಲು ಹೆಚ್ಚು ತೊಳಲಬೇಕಾಗಲಿಲ್ಲ. ಸಮಾರಂಭದ ಆರ್ಡರುಗಳಿಗೆ ಪ್ರತ್ಯೇಕ ಬಿಲ್ಲು ಪುಸ್ತಕವಿಡುವುದು ಈ ಕಾರಣಕ್ಕಾಗಿಯೂ ಅವಶ್ಯ.

ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅಥವಾ ಪರವಾನಗಿಯ ಸಂಖ್ಯೆ ಬಿಲ್ಲಿನ ಮೇಲಿರಬೇಕೆಂಬುದು ಎಲ್ಲರಿಗೂ ತಿಳಿದದ್ದೇ. ಹಳೆಯ ಮೇಸ್ತ್ರಿಗಳು ಹಿಟ್ಟು ಚೆನ್ನಾಗಿ ಉಬ್ಬಲೆಂದು ಹಾಕುತ್ತಿದ್ದ ಪೊಟ್ಯಾಷಿಯಂ ಬ್ರೋಮೇಟನ್ನು 2016ರಲ್ಲಿಯೇ ನಿಷೇಧಿಸಲಾಗಿದೆ. ಹೆಸರಿಲ್ಲದ ಬ್ರೆಡ್ ಇಂಪ್ರೂವರ್ ಪುಡಿಗಳನ್ನು ಕೊಳ್ಳುವಾಗ ಪೊಟ್ಟಣದ ಮೇಲಿನ ವಿವರ ಓದಿ ನೋಡಬೇಕು. ವನಸ್ಪತಿ, ಮಾರ್ಗರಿನ್‌ಗಳಲ್ಲಿ ಟ್ರಾನ್ಸ್ ಕೊಬ್ಬು 2022ರ ಜನವರಿಯಿಂದ ಶೇಕಡಾ 2ನ್ನು ಮೀರುವಂತಿಲ್ಲ. ಬಿಡಿಯಾಗಿ ತೂಗಿ ಕೊಡುವ ಅಗ್ಗದ ಕೊಬ್ಬನ್ನು ಈ ಕಾರಣಕ್ಕಾಗಿ ಕೊಳ್ಳದಿರುವುದೇ ವಿವೇಕ.

ಆರ್ಡರು ಬರೆದುಕೊಳ್ಳುವಾಗ

ಆಳಿಗೆ ಎರಡರಂತೆ ಲೆಕ್ಕ ಹಾಕುವುದು ರೂಢಿ. ಜೊತೆಯಲ್ಲಿ ಪಫ್ಫು, ಕೇಕು ಇದ್ದರೆ ಒಂದೂವರೆ ಸಾಕೆಂದು ನಾವೇ ಗ್ರಾಹಕರಿಗೆ ಹೇಳುತ್ತೇವೆ. ಮೊದಮೊದಲು ಇದು ನಷ್ಟವೆನಿಸಿತು. ಆದರೆ ಮಿಕ್ಕುಳಿದ ತಿನಿಸನ್ನು ಮರುದಿನ ತಿಂದು ಚೆನ್ನಾಗಿಲ್ಲವೆನ್ನುವ ಗ್ರಾಹಕರಿಗಿಂತ, ಇನ್ನೂ ಬೇಕಾಗಿತ್ತೆನ್ನುವ ಗ್ರಾಹಕರು ಮೇಲು. ಅರ್ಧದಷ್ಟು ಹಣ ಮುಂಗಡ, ಹಿಂದಿನ ದಿನ ಮಧ್ಯಾಹ್ನ 12 ಗಂಟೆಯ ನಂತರ ಎಣಿಕೆಯಲ್ಲಿ ಬದಲಾವಣೆ ಇಲ್ಲ. ತಲುಪಿಸುವ ವೇಳೆಯ ಜೊತೆಗೆ ಬಡಿಸುವ ವೇಳೆಯನ್ನೂ ಕೇಳಿ ಬರೆದುಕೊಳ್ಳುತ್ತೇವೆ, ಏಕೆಂದರೆ ಭಟ್ಟಿಯ ಲೆಕ್ಕವೆಲ್ಲ ಹಿಮ್ಮುಖವಾಗಿ ಆ ಎರಡನೆಯ ವೇಳೆಯಿಂದಲೇ ಆರಂಭವಾಗುತ್ತದೆ. ಸಂಜೆ 7ಕ್ಕೆ ಬಡಿಸುವುದಾದರೆ 6ಕ್ಕೆ ತಲುಪಬೇಕು, ಐದೂವರೆಗೆ ಪೆಟ್ಟಿಗೆ ಸೇರಬೇಕು, 5ಕ್ಕೆ ಕೊನೆಯ ಟ್ರೇ ಹೊರಬರಬೇಕು. ಎರಡು ಕಲಸುಗಳ 400ರ ಆರ್ಡರಾದರೆ ಮೊದಲ ಹಿಟ್ಟು ಮಧ್ಯಾಹ್ನ ಒಂದೂವರೆಗೆ ಯಂತ್ರಕ್ಕೆ ಬೀಳಬೇಕು. ಇದನ್ನು ದೊಡ್ಡ ಕಾಗದದಲ್ಲಿ ಬರೆದು ಭಟ್ಟಿಯ ಪಕ್ಕದ ಗೋಡೆಗೆ ಅಂಟಿಸಿದ್ದೇವೆ.

ತಮ್ಮ ಕೆಲಸಗಾರರಿಗೆ ಕ್ರಮಬದ್ಧ ತರಬೇತಿ ಕೊಡಿಸಬಯಸುವ ಸದಸ್ಯರು ಬೆಂಗಳೂರಿನ ಹೆಬ್ಬಾಳದಲ್ಲಿರುವ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಕೇಂದ್ರವನ್ನು ವಿಚಾರಿಸಬಹುದು. ಹಿಟ್ಟು ಮತ್ತು ಬೇಕರಿ ತಂತ್ರಜ್ಞಾನಕ್ಕೆಂದೇ ಪ್ರತ್ಯೇಕ ವಿಭಾಗವಿರುವ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿಯೂ ವಿಚಾರಿಸಬಹುದು. ನಮ್ಮ ಮೇಸ್ತ್ರಿಯ ಮಗ ಇಂತಹ ಒಂದು ತರಬೇತಿ ಮುಗಿಸಿ ಬಂದ ಮೇಲೆ ಥರ್ಮಾಮೀಟರಿನ ಮೇಲಿನ ತಂದೆಯ ಮುನಿಸೂ ಇಳಿದಿದೆ. ಈಗ ಅದನ್ನು ಅವರು ತಮ್ಮ ಅಂಗಿಯ ಜೇಬಿನಲ್ಲಿಯೇ ಇಟ್ಟುಕೊಂಡಿರುತ್ತಾರೆ.